ಎತ್ತುವವರ ಮನೆ

ನಮ್ಮ ಮನೆಯಲ್ಲಿ ಒಂದು ಕಟ್ಟಳೆ ಇತ್ತು. ‘ಬೆನ್ನು ನೋವು’ ಎಂಬ ಮಾತು ಯಾರ ಬಾಯಿಂದ ಬಂತೋ ಅವರು ಆ ಹೊತ್ತಿನ ಅಷ್ಟೂ ಪಾತ್ರೆ ತೊಳೆಯಬೇಕು. ಸೊಸೆಯಾಗಿ ಬಂದ ನಾಲ್ಕನೇ ದಿನ, ನೆಲ ಒರೆಸಿ ಎದ್ದವಳು ಏನೂ ತಿಳಿಯದೆ ಆ ಮಾತು ಆಡಿಬಿಟ್ಟೆ. ಅಡುಗೆಮನೆಯಿಂದ ಅತ್ತೆ, ಹಜಾರದಿಂದ ನಾದಿನಿ, ಬಚ್ಚಲಿನಿಂದ ನನ್ನ ಗಂಡ, ಮೂವರೂ ಒಟ್ಟಿಗೆ ನಕ್ಕರು. ಐದು ತಟ್ಟೆ, ಎರಡು ಬಾಣಲೆ, ತಳ ಹಿಡಿದ ಹಾಲಿನ ಪಾತ್ರೆ. ಅಷ್ಟನ್ನೂ ತೊಳೆದೆ. ಮಾವ ಪಕ್ಕದಲ್ಲೇ ನಿಂತು, ಹಾಲಿನ ಪಾತ್ರೆಯ ಅಂಚಿನಲ್ಲಿ ಇನ್ನೂ ಕಪ್ಪು ಉಳಿದಿದೆ ಎಂದು ತೋರಿಸಿದರು.

ಕಟ್ಟಳೆ ಮಾಡಿದವರೂ ಅವರೇ. ನಮ್ಮದು ಮನೆ ಬದಲಾಯಿಸುವವರ ಸಾಮಾನು ಸಾಗಿಸುವ ಕಸುಬು. ಒಂದು ಲಾರಿ, ಹಲಗೆಗಳು, ಭಾರ ಎತ್ತುವ ಪಟ್ಟಿಗಳು, ಹಳೆಯ ಕಂಬಳಿಗಳು, ಮತ್ತು ಮಾವ. ಲಾರಿ ನಿಲ್ದಾಣದಲ್ಲಿ ಅವರನ್ನು ಎಲ್ಲರೂ ಕ್ರೇನ್ ಎಂದೇ ಕರೆಯುತ್ತಿದ್ದರು. ನನ್ನ ಗಂಡ ಅವರ ಜೊತೆ ಎತ್ತುತ್ತಾನೆ, ನಾದಿನಿ ಲಾರಿ ಓಡಿಸುತ್ತಾಳೆ, ಎತ್ತುವುದಕ್ಕೂ ಸೈ. ಅತ್ತೆ ಗಾಜಿನ ಸಾಮಾನು ಕಟ್ಟುವವರು; ಮೂವತ್ತೆಂಟು ವರ್ಷದಲ್ಲಿ ಒಡೆದದ್ದು ಎರಡು ಲೋಟ, ಆ ಎರಡೂ ಯಾರ ಮನೆಯವು ಎಂದು ಇವತ್ತಿಗೂ ಹೇಳುತ್ತಾರೆ. ನಾನು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವಳು. ಇಡೀ ದಿನದಲ್ಲಿ ನಾನು ಎತ್ತುವ ಅತಿ ಭಾರದ ವಸ್ತು ಕನ್ನಡಿ. ಹಾಗಾಗಿ ಈ ಮನೆಯವರಿಗೆ ನನ್ನ ಮೇಲೆ ಒಂದು ಬಗೆಯ ಕನಿಕರವೇ ಇತ್ತು.

ಮಾವನ ತರ್ಕ ಸರಳ. ಎತ್ತುವವರಿಗೆಲ್ಲ ಬೆನ್ನು ನೋಯುತ್ತದೆ, ಅದನ್ನು ಬಾಯಿಬಿಟ್ಟು ಹೇಳಿದರೆ ಗಿರಾಕಿಯ ಕಿವಿಗೆ ಬೀಳುತ್ತದೆ, ಗಿರಾಕಿ ಬೇರೆ ಲಾರಿ ಹಿಡಿಯುತ್ತಾನೆ. ಇಪ್ಪತ್ತು ವರ್ಷ ನಡೆದ ಆ ತಮಾಷೆಯ ಕಟ್ಟಳೆಯೇ ಅವರ ಎರಡು ಕಾಲನ್ನೂ ನುಂಗಿಹಾಕುವುದರಲ್ಲಿತ್ತು. ಇದನ್ನು ನಾನು ಮುಚ್ಚಿಡುವುದಿಲ್ಲ. ಮುಚ್ಚಿಟ್ಟದ್ದು ಸಾಕಾಗಿದೆ.

ನಾಲ್ಕು ವರ್ಷದ ಹಿಂದೆ ಮಾವನ ಒಂದು ಕಿಡ್ನಿಯಲ್ಲಿ ಕ್ಯಾನ್ಸರ್ ಗಡ್ಡೆ ಸಿಕ್ಕಿ, ಕಿಡ್ನಿಯನ್ನೇ ತೆಗೆದಿದ್ದರು. ಮೈಭಾರ ಇಳಿಯಿತು ಎಂದು ನಕ್ಕು ಎರಡೇ ತಿಂಗಳಿಗೆ ಲಾರಿ ಹತ್ತಿದ್ದರು. ಮೊದಮೊದಲು ತಪಾಸಣೆಗೆ ಹೋದರು. ಆಮೇಲೆ ಒಂದು ಸಲ ಕೆಲಸವಿತ್ತು, ಇನ್ನೊಂದು ಸಲ ಲಾರಿ ಕೆಟ್ಟಿತ್ತು, ಮತ್ತೆ ಯಾರಿಗೂ ನೆನಪಾಗಲಿಲ್ಲ.

ಈ ವರ್ಷ ಒಂದು ಹಳೆಯ ಮುದ್ರಣಾಲಯವನ್ನು ಸಾಗಿಸುವ ಕೆಲಸ ಬಂತು. ನೆಲಮಾಳಿಗೆಯಿಂದ ಒಂಬತ್ತು ಯಂತ್ರ, ಕಿರಿದಾದ ಬಾಗಿಲು. ಬೇರೆ ಯಾರೂ ಒಪ್ಪದ ಕೆಲಸವನ್ನು ಮಾವ ಒಪ್ಪಿಕೊಂಡರು. ಆ ದಿನಗಳಲ್ಲೇ ಅವರು ಹಾಸಿಗೆ ಬಿಟ್ಟು ಕುರ್ಚಿಯಲ್ಲಿ ಮಲಗಲು ಶುರು ಮಾಡಿದ್ದು. ಸೆಕೆ ಎಂದರು. ಚಪ್ಪಲಿ ಹಾಕಿಕೊಳ್ಳುವಾಗ ಗೋಡೆ ಹಿಡಿದರು. ಊಟಕ್ಕೆ ಕೂತವರು ಏಳಲು ಹೊತ್ತು ಮಾಡಿದರು. ಅತ್ತೆ ಎರಡು ಸಲ ಕೇಳಿದ್ದರು, ಎರಡು ಸಲವೂ ‘ಏನಿಲ್ಲ’ ಎಂಬ ಉತ್ತರ ಸಿಕ್ಕಿತ್ತು.

ಒಂಬತ್ತನೇ ಯಂತ್ರ ಹೊಸ ಜಾಗದಲ್ಲಿ ಕೂತ ಮರುದಿನ, ಮಧ್ಯಾಹ್ನದ ಊಟ ಮುಗಿಸಿ ನಾವೆಲ್ಲ ಎದ್ದೆವು. ಮಾವ ಏಳಲಿಲ್ಲ. ಮೇಜಿನ ಅಂಚು ಹಿಡಿದು ಪ್ರಯತ್ನಿಸಿದರು, ಮತ್ತೆ ಕೂತರು. ಮುಖದಲ್ಲಿ ಗಾಬರಿಗಿಂತ ಹೆಚ್ಚಾಗಿ ಸಿಟ್ಟಿತ್ತು.

“ಕಾಲು ಮಾತು ಕೇಳ್ತಿಲ್ಲ,” ಎಂದರು.

ನನ್ನ ಗಂಡ ಆಂಬುಲೆನ್ಸಿಗೆ ಫೋನು ಮಾಡಲು ಹೋದ. ಮಾವ ತಡೆದರು. ಈ ಕಟ್ಟಡದಿಂದ ಕ್ರೇನ್‌ನನ್ನು ಬೇರೆ ಯಾರೋ ಬಂದು ಎತ್ತಿಕೊಂಡು ಹೋಗುವುದು ಅವರಿಗೆ ಆಗದ ಮಾತು. ನಾವಿರುವುದು ಮೂರನೇ ಮಹಡಿ, ಲಿಫ್ಟ್ ಇಲ್ಲ, ಐವತ್ತನಾಲ್ಕು ಮೆಟ್ಟಿಲು. ಅವರನ್ನು ಕುರ್ಚಿಯಲ್ಲೇ ಪಟ್ಟಿ ಬಿಗಿದು, ಕೆಳಗೆ ಮಗ, ಮೇಲೆ ಮಗಳು, ಬೀರು ಇಳಿಸುವ ಹಾಗೆಯೇ ಇಳಿಸಿದರು. ತಿರುವು ಬಂದಲ್ಲೆಲ್ಲ ಕುರ್ಚಿಯಲ್ಲಿ ಕೂತ ಮಾವನೇ ‘ಎಡಕ್ಕೆ, ಇನ್ನೂ ಎಡಕ್ಕೆ, ಇಳಿಸು’ ಎಂದು ಆಜ್ಞೆ ಕೊಟ್ಟರು. ನಾಲ್ಕು ನಿಮಿಷ ಹಿಡಿಯಿತು, ಗೋಡೆಗೆ ಒಂದು ಗೀರೂ ಬೀಳಲಿಲ್ಲ. ಹೇಳಲು ನಾಚಿಕೆ, ಆದರೂ ಆ ಹೊತ್ತಿನಲ್ಲಿ ನನಗೆ ಹೆಮ್ಮೆಯಾಯಿತು.

ನಮ್ಮ ಲಾರಿಯಲ್ಲೇ ಆಸ್ಪತ್ರೆಗೆ ಹೋದೆವು. ಬೆನ್ನುಮೂಳೆಯ ಡಾಕ್ಟರು ನನ್ನ ಭುಜದಷ್ಟು ಎತ್ತರದ ಹೆಂಗಸು. ಸ್ಕ್ಯಾನ್ ನೋಡಿ ಬಂದವರು ನಮ್ಮ ಹೆಮ್ಮೆಯನ್ನು ಒಂದೇ ಮಾತಿನಲ್ಲಿ ಇಳಿಸಿದರು. ಮುರಿಯುವ ಹಂತದಲ್ಲಿದ್ದ ಬೆನ್ನುಮೂಳೆಯನ್ನು ಕುರ್ಚಿಯಲ್ಲಿ ಕೂರಿಸಿ ಕುಲುಕಿಸಿಕೊಂಡು ತಂದಿದ್ದೀರಿ, ಹಲಗೆಯ ಮೇಲೆ ಅಂಗಾತ ಮಲಗಿಸಿ ತರಬೇಕಿತ್ತು ಎಂದರು. ನಾದಿನಿ ತಲೆ ತಗ್ಗಿಸಿದಳು. ಲಾರಿಯಲ್ಲಿ ಆರು ಹಲಗೆ ಇದ್ದವು.

ಕಿಡ್ನಿಯ ಕ್ಯಾನ್ಸರ್ ಬೆನ್ನುಮೂಳೆಗೆ ಹರಡಿತ್ತು. ಬೆನ್ನಿನ ನಡುವಿನ ಒಂದು ಮೂಳೆಯನ್ನು ಟೊಳ್ಳು ಮಾಡಿ, ಒಳಗಿನ ನರದ ಹುರಿಯನ್ನು ಒತ್ತುತ್ತಿತ್ತು. ಇವತ್ತೇ ಆಪರೇಷನ್ ಆಗಬೇಕು, ಒತ್ತುತ್ತಿರುವುದನ್ನು ತೆಗೆದು ಮೇಲೂ ಕೆಳಗೂ ಸರಳು, ತಿರುಪು ಹಾಕಿ ನಿಲ್ಲಿಸುತ್ತೇವೆ, ಗಾಯ ಮಾಗಿದ ಮೇಲೆ ವಿಕಿರಣ, ಜೊತೆಗೆ ದಿನವೂ ಮಾತ್ರೆ ಎಂದರು. ಕ್ಯಾನ್ಸರ್ ಪೂರ್ತಿ ಹೋಗುತ್ತದೆ ಎಂದು ಅವರು ಹೇಳಲಿಲ್ಲ. ಅದನ್ನು ಸಾಧ್ಯವಾದಷ್ಟು ಕಾಲ ಹಿಡಿದಿಡಬಹುದು, ಆದರೆ ಕಾಲು ಉಳಿಸಿಕೊಳ್ಳಲು ಇವತ್ತೊಂದೇ ದಿನ ಎಂದರು. ಆಮೇಲೆ ಮಾವನ ಕಡೆ ತಿರುಗಿ, ನೋವು ಎಷ್ಟು ದಿನದಿಂದ ಎಂದು ಕೇಳಿದರು.

“ಎರಡು ದಿನ,” ಎಂದರು ಮಾವ.

ಡಾಕ್ಟರು ಅವರನ್ನು ಮೆಲ್ಲಗೆ ಮಗ್ಗುಲಿಗೆ ತಿರುಗಿಸಿ ಬೆರಳ ತುದಿಯಿಂದ ಬೆನ್ನನ್ನು ತಟ್ಟಿದರು. ಮಾವ ಉಸಿರು ಬಿಡಲಿಲ್ಲ. ಹಿಡಿದಿದ್ದ ಮಂಚದ ಕಂಬಿ ಮಾತ್ರ ನಡುಗಿತು.

“ನಿಜ ಹೇಳಿ. ನಿಮ್ಮ ಕಾಲು ಉಳಿಸೋಕೆ ನಂಗೆ ಅದು ಗೊತ್ತಾಗ್ಬೇಕು.”

“ಹನ್ನೊಂದು ವಾರ.”

ಅತ್ತೆಯ ಕೈಯಲ್ಲಿದ್ದ ಚೀಲ ಕೆಳಗೆ ಇಳಿಯಿತು. “ಹನ್ನೊಂದು ವಾರ ನಾನು ಅಲ್ಲೇ ಇದ್ದೆ,” ಎಂದರು. ಅಷ್ಟೇ. ಮತ್ತೆ ಏಳು ವಾರ ಅವರು ಗಂಡನ ಜೊತೆ ಒಂದು ಮಾತೂ ಆಡಲಿಲ್ಲ.

ಆಪರೇಷನ್ ಆದ ಎರಡನೇ ದಿನ ಬಲಗಾಲಿನ ಹೆಬ್ಬೆರಳು ಅಲ್ಲಾಡಿತು. ನನ್ನ ಗಂಡ ಹೊರಗೆ ಬಂದು, ಕಾರಿಡಾರಿನಲ್ಲಿ ನೆಲ ಒರೆಸುತ್ತಿದ್ದವಳಿಗೂ ಆ ಸುದ್ದಿ ಹೇಳಿದ. ಎಡಗಾಲು ಮಾತ್ರ ಸೋಮಾರಿಯ ಹಾಗೆ ಐದನೇ ದಿನಕ್ಕೆ ಎಚ್ಚರವಾಯಿತು.

ಮಾವನನ್ನು ಎರಡೆರಡು ಗಂಟೆಗೆ ಮಗ್ಗುಲು ಬದಲಿಸಬೇಕಿತ್ತು, ಅದೂ ತಲೆ, ಭುಜ, ಸೊಂಟ ಎಲ್ಲ ಒಟ್ಟಿಗೆ, ಮರದ ದಿಮ್ಮಿ ಉರುಳಿಸಿದಂತೆ. ನಮ್ಮವರು ಇದರಲ್ಲೂ ಎಡವಟ್ಟು ಮಾಡಿದರು. ನರ್ಸು ಒಂದು, ಎರಡು, ಮೂರು ಎಂದು ಮೂರಕ್ಕೆ ತಿರುಗಿಸುತ್ತಾಳೆ. ನಮ್ಮ ಕಸುಬಿನಲ್ಲಿ ಮೂರು ಎಣಿಸಿ, ಒಂದು ಉಸಿರು ತೆಗೆದುಕೊಂಡು ಆಮೇಲೆ ಎತ್ತುವುದು. ಮೊದಲ ಸಲ ಭುಜ ಮುಂದೆ ಹೋಯಿತು, ಸೊಂಟ ಹಿಂದೆ ಉಳಿಯಿತು, ಮಾವನ ಹಣೆಯ ಮೇಲೆ ಬೆವರು ಕಾಣಿಸಿತು. ಉಸಿರು ತೆಗೆದುಕೊಳ್ಳದೆ ಯಾರಾದರೂ ಎತ್ತುತ್ತಾರೆಯೇ ಎಂದು ಅವರು ಮಲಗಿದಲ್ಲೇ ನರ್ಸಿನ ಜೊತೆ ವಾದಕ್ಕೆ ಇಳಿದರು. ನಾದಿನಿ ನಡುವೆ ಬಂದು, ಇಲ್ಲಿ ನಡೆಯುವುದು ನರ್ಸಮ್ಮನ ಎಣಿಕೆ, ಬೇರೆ ಎಣಿಕೆ ಇಲ್ಲ ಎಂದು ಅಪ್ಪನ ಬಾಯಿ ಮುಚ್ಚಿಸಿದಳು. ಮೂರನೇ ದಿನದ ಹೊತ್ತಿಗೆ ಅಣ್ಣತಂಗಿ ಎಷ್ಟು ಚೆನ್ನಾಗಿ ತಿರುಗಿಸುತ್ತಿದ್ದರೆಂದರೆ, ಪಕ್ಕದ ಮಂಚಗಳವರೂ ಕರೆಯತೊಡಗಿದರು. ಹೊಸದಾಗಿ ಸೇರಿದ ನರ್ಸುಗಳಿಗೆ ತೋರಿಸಲು ಹಿರಿಯ ನರ್ಸು ನಾದಿನಿಯನ್ನೇ ನಿಲ್ಲಿಸಿಕೊಂಡಳು. ಮನೆಗೆ ಬಂದು ಅವಳು ಇದನ್ನು ಮೂರು ಸಲ ಹೇಳಿದಳು, ನಾವೂ ಮೂರು ಸಲ ಕೇಳಿದೆವು.

ಎರಡು ವಾರಕ್ಕೆ ಮನೆಗೆ ಕರೆತಂದೆವು, ಈ ಸಲ ಹಲಗೆಯ ಮೇಲೆ. ಆಮೇಲೆ ಐದು ದಿನ ವಿಕಿರಣಕ್ಕೂ ಹಲಗೆಯಲ್ಲೇ ಇಳಿಸಿ ಹತ್ತಿಸಿದೆವು. ಆ ಐದು ದಿನವೂ ಮಾವ ಮೆಟ್ಟಿಲಲ್ಲಿ ಯಾರ ಮುಖವೂ ಕಾಣದಂತೆ ಕಣ್ಣು ಮುಚ್ಚಿಕೊಂಡಿದ್ದರು.

ಮಾತ್ರೆಗಳು ಅವರ ನಾಲಗೆಯನ್ನು ಸುಟ್ಟವು. ಮೂರು ಜನರ ಊಟ ಒಬ್ಬರೇ ಮಾಡುತ್ತಿದ್ದವರಿಗೆ ಗಂಜಿಯೂ ಉರಿಯಿತು. ಅಂಗೈಯ ಚರ್ಮ ಸುಲಿಯತೊಡಗಿತು. ನಲವತ್ತು ವರ್ಷ ಪಟ್ಟಿ ಹಿಡಿದು ಗಟ್ಟಿಯಾಗಿದ್ದ ದಡ್ಡು ಪದರ ಪದರವಾಗಿ ಬಿಟ್ಟು, ಕೆಳಗೆ ಗುಲಾಬಿ ಚರ್ಮ ಕಂಡಿತು. ಅವರು ಅದನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು. ಅತ್ತೆ ದಿನಕ್ಕೆ ಮೂರು ಸಲ ಆ ಕೈಗಳಿಗೆ ಮುಲಾಮು ಹಚ್ಚುತ್ತಿದ್ದರು, ಬೆರಳ ಸಂದಿಗೂ ಬಿಡದೆ, ಗಾಜಿನ ಲೋಟಕ್ಕೆ ಕಾಗದ ಸುತ್ತುವಷ್ಟು ಹುಷಾರಾಗಿ. ಮಾತು ಮಾತ್ರ ಇಲ್ಲ. ಹೇಳುವುದೆಲ್ಲ ನನ್ನ ಮೂಲಕ.

“ನಿನ್ನ ಮಾವನಿಗೆ ಕೇಳು, ಇನ್ನೊಂದು ಮೊಟ್ಟೆ ಬೇಕಾ ಅಂತ.”

ಮಾವ ಇದ್ದದ್ದು ಅವರಿಂದ ಒಂದು ಮೊಳ ದೂರದಲ್ಲಿ. “ಬೇಡ ಅಂತ ಹೇಳಮ್ಮ.”

“ಅತ್ತೆ, ಬೇಡವಂತೆ.”

“ಕೇಳಿಸ್ತು.”

ಕಟ್ಟಳೆಯನ್ನು ಅತ್ತೆಯೇ ಕಿತ್ತು ಹಾಕಿದರು. ಒಂದು ಸಂಜೆ ಊಟಕ್ಕೆ ಬಡಿಸುವ ಮೊದಲು ಸೌಟು ಹಿಡಿದು ನಿಂತು, ಇನ್ನು ಮೇಲೆ ಯಾರಿಗೆ ಎಲ್ಲಿ ನೋವಿದೆ ಎಂದು ಹೇಳಿದ ಮೇಲೆಯೇ ತಟ್ಟೆಗೆ ಅನ್ನ ಎಂದರು. ನಾದಿನಿ ಬಲ ಮೊಣಕೈ ಎಂದಳು. ನನ್ನ ಗಂಡ ಅನ್ನದ ಪಾತ್ರೆಯನ್ನೇ ನೋಡುತ್ತ, ಸೊಂಟದ ಕೆಳಗೆ, ಒಂದು ವರ್ಷದಿಂದ ಎಂದ. ಅದನ್ನು ಅವನು ನನಗೂ ಹೇಳಿರಲಿಲ್ಲ. ಮರುದಿನವೇ ಅವನನ್ನು ಡಾಕ್ಟರ ಹತ್ತಿರ ಎಳೆದುಕೊಂಡು ಹೋದೆ, ಬರೀ ಉಳುಕು ಎಂದು ಗೊತ್ತಾಗುವವರೆಗೆ ನನ್ನ ಜೀವ ಕೈಯಲ್ಲಿತ್ತು. ಆ ಸಂಜೆ ನನ್ನ ಸರದಿಗೆ ನಾನು ಕಣ್ಣು ಎಂದೆ. ಮಾವನ ಸರದಿ ಬಂದಾಗ ಅವರು ಎಂದಿನಂತೆ ‘ಏನಿಲ್ಲ’ ಎಂದರು. ಅತ್ತೆ ಬಡಿಸಿದರು, ತಟ್ಟೆಯನ್ನು ಮಾತ್ರ ಮಂಚದ ಪಕ್ಕದ ಮೇಜಿನ ಮೇಲೆ ಕುಕ್ಕಿದರು. ದಿನವೂ ಇದೇ ಆಯಿತು. ಬೆನ್ನಿನ ತುಂಬ ಸರಳು ತಿರುಪು ಇಟ್ಟುಕೊಂಡು ಒಬ್ಬ ಮನುಷ್ಯ ದಿನಾ ಸಂಜೆ ಏನಿಲ್ಲ ಎನ್ನುತ್ತಿದ್ದರೆ ಯಾರಿಗೆ ಸಿಟ್ಟು ಬರುವುದಿಲ್ಲ? ನನಗೂ ಬರುತ್ತಿತ್ತು.

ಐದನೇ ವಾರದಲ್ಲಿ ಜಗಳ ಹೊತ್ತಿಕೊಂಡಿತು. ಐದನೇ ಮಹಡಿಯಿಂದ ಕಬ್ಬಿಣದ ತಿಜೋರಿ ಇಳಿಸುವ ಕೆಲಸವನ್ನು ನನ್ನ ಗಂಡ ಬಿಟ್ಟುಕೊಟ್ಟಿದ್ದ. ಸೊಂಟ ಹಿಡಿದಿದೆ, ಆಗುವುದಿಲ್ಲ ಎಂದು ಗಿರಾಕಿಗೆ ಫೋನಿನಲ್ಲಿ ನೇರವಾಗಿ ಹೇಳಿಬಿಟ್ಟಿದ್ದ. ಮಾವನಿಗೆ ಅದು ಕೇಳಿಸಿತ್ತು. ನನ್ನ ಹೆಸರು ಮಣ್ಣುಪಾಲು ಮಾಡಿದೆ, ಗಿರಾಕಿಯ ಮುಂದೆ ಅಳುವುದಕ್ಕೆ ನಾನು ನಿನಗೆ ಪಟ್ಟಿ ಹಿಡಿಯಲು ಕಲಿಸಿದೆನೇ ಎಂದು ಮಲಗಿದಲ್ಲಿಂದಲೇ ಮಗನ ಮೇಲೆ ಹಾರಾಡಿದರು. ಉತ್ತರ ಕೊಟ್ಟವಳು ನಾದಿನಿ, ಆಗತಾನೇ ಲಾರಿ ನಿಲ್ಲಿಸಿ ಬಂದು ಬಾಗಿಲಲ್ಲಿ ನಿಂತಿದ್ದಳು.

“ಬಾಯಿ ಮುಚ್ಚಿಕೊಂಡಿರೋದನ್ನ ನಿಮ್ಮಿಂದಾನೇ ಕಲಿತ್ವಿ ಅಪ್ಪಾ. ಹೇಳೋದನ್ನ ಯಾರಿಂದ ಕಲೀಬೇಕು, ನೀವೇ ಹೇಳಿ.”

ಮಾವ ಗೋಡೆಯ ಕಡೆ ಮುಖ ಮಾಡಿದರು. ಆ ಸಂಜೆ ಅತ್ತೆ ಯಾರನ್ನೂ ಏನೂ ಕೇಳದೆ ಬಡಿಸಿದರು.

ಎದ್ದು ನಿಲ್ಲಿಸಲು ವ್ಯಾಯಾಮದವನೊಬ್ಬ ಮನೆಗೆ ಬರುತ್ತಿದ್ದ. ಹೊಸಿಲು ದಾಟುವ ಮೊದಲೇ ‘ಎದ್ದೇಳಿ ಸಾರ್’ ಎನ್ನುತ್ತಿದ್ದುದರಿಂದ ಅವನಿಗೆ ಅದೇ ಹೆಸರಾಯಿತು. ಮೊದಲು ಮಂಚದ ಅಂಚಿಗೆ, ಆಮೇಲೆ ನಡೆಗೋಲು ಹಿಡಿದು ಅಡುಗೆಮನೆಗೆ, ಆಮೇಲೆ ಬರಿಗೈಯಲ್ಲಿ ಬಾಗಿಲವರೆಗೆ. ಅಂಗಿಯ ಒಳಗೆ ಬೆನ್ನಿಗೆ ಬಿಗಿಪಟ್ಟಿ ಕಟ್ಟಿ ಮಾವ ಮೆಟ್ಟಿಲಿಗೂ ಬಂದರು. ಮೂರು ಮೆಟ್ಟಿಲು ಇಳಿದು ಮೂರು ಹತ್ತಿದರು. ಮರುದಿನ ಒಂಬತ್ತು. ಮಾತ್ರೆಯಿಂದ ಹೊಟ್ಟೆ ಕೆಟ್ಟ ದಿನವೂ ಒಂಬತ್ತು. ಈ ಹಟ ನೋಡಿ ಎದ್ದೇಳಿ ಸಾರ್‌ನೇ ‘ಸಾಕು, ಕೂತ್ಕೊಳಿ ಸಾರ್’ ಎನ್ನಬೇಕಾಯಿತು.

ಡಾಕ್ಟರು ಬರೆದುಕೊಟ್ಟ ಚೀಟಿಯೊಂದನ್ನು ಅತ್ತೆ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದರು. ಹೊಸ ಜಾಗದಲ್ಲಿ ನೋವು, ಕಾಲು ಜೋಮು, ಮೂತ್ರ ಕಟ್ಟುವುದು, ಇದರಲ್ಲಿ ಯಾವುದಾದರೂ ಒಂದು ಕಂಡರೆ ಆ ಕ್ಷಣವೇ ಮಲಗಿಸಿ ಕರೆತರಬೇಕು, ಒಂದು ದಿನ ತಡವಾದರೆ ಕಾಲು ಮತ್ತೆ ಸಿಗಲಾರದು. ಹಾಲು ತೆಗೆಯಲು ಹೋದವರೆಲ್ಲ ದಿನಕ್ಕೆ ಹತ್ತು ಸಲ ಅದನ್ನು ಓದುತ್ತಿದ್ದೆವು.

ಏಳನೇ ವಾರದ ಕೊನೆಗೆ ತಪಾಸಣೆಯ ದಿನ ಗೊತ್ತಾಗಿತ್ತು. ಆವತ್ತು ನನ್ನನ್ನು ಯಾರೂ ಮುಟ್ಟಬೇಡಿ, ಐವತ್ತನಾಲ್ಕು ಮೆಟ್ಟಿಲನ್ನೂ ನನ್ನ ಕಾಲ ಮೇಲೆ ಇಳಿಯುತ್ತೇನೆ ಎಂದು ಮಾವ ಹೇಳಿದರು. ಆ ಮಾತು ಕಟ್ಟಡದಲ್ಲೆಲ್ಲ ಹಬ್ಬಿತು, ಅಲ್ಲಿಂದ ಲಾರಿ ನಿಲ್ದಾಣಕ್ಕೆ ಹೋಯಿತು.

ಆ ಬೆಳಿಗ್ಗೆ ಹತ್ತಕ್ಕೆ ಮಾವ ನುಣ್ಣಗೆ ಕ್ಷೌರ ಮಾಡಿಕೊಂಡು, ಇಸ್ತ್ರಿ ಅಂಗಿ ಹಾಕಿಕೊಂಡು ಹೊರಟರು. ಎರಡು ಮೆಟ್ಟಿಲು ಕೆಳಗೆ ನನ್ನ ಗಂಡ, ಹಿಂದೆ ನಾದಿನಿ, ಅವಳ ಹಿಂದೆ ಚೀಲ ಹಿಡಿದ ಅತ್ತೆ, ಕಡತ ಹಿಡಿದ ನಾನು. ಪ್ರತಿ ಮಹಡಿಯಲ್ಲೂ ಬಾಗಿಲುಗಳು ತೆರೆದಿದ್ದವು. ಎರಡನೇ ಮಹಡಿಯ ನಿವೃತ್ತ ಮೇಷ್ಟರು ಕುರ್ಚಿ ತಂದಿಟ್ಟಿದ್ದರು, ಮಾವ ಅದರತ್ತ ನೋಡಲೂ ಇಲ್ಲ. ಕೆಳಗೆ ಬಾಗಿಲ ಬಳಿ ನಿಲ್ದಾಣದ ಎಂಟು ಮಂದಿ ಚಾಲಕರು, ಟೈರು ನೋಡುವ ನೆಪದಲ್ಲಿ ನಿಂತಿದ್ದರು. ನಲವತ್ತೈದು ಮೆಟ್ಟಿಲು ಮಾವ ನೆಟ್ಟಗೆ ಇಳಿದರು.

ಉಳಿದದ್ದು ಒಂಬತ್ತು. ತಿರುವಿನ ಜಗಲಿಯಲ್ಲಿ ಅವರು ನಿಂತರು. ಸುಧಾರಿಸಿಕೊಳ್ಳುತ್ತಿದ್ದಾರೆ ಎಂದುಕೊಂಡೆವು. ಕೆಳಗಿದ್ದವರಲ್ಲಿ ಒಬ್ಬ, ಇನ್ನೇನು ಬಂದೇಬಿಟ್ರಿ ಎಂದ. ಮಾವ ಕಂಬಿ ಹಿಡಿದು, ಬೆನ್ನು ತಿರುಚಲಾಗದ್ದರಿಂದ ಇಡೀ ಮೈಯನ್ನೇ ತಿರುಗಿಸಿ, ಮೇಲೆ ನೋಡಿದರು. ಮಗನನ್ನಲ್ಲ, ಮಗಳನ್ನಲ್ಲ, ಅತ್ತೆಯನ್ನು.

“ಭುಜಗಳ ನಡುವೆ ನೋವಿದೆ. ಹಳೇದಲ್ಲ, ಹೊಸದು. ಬೆಳಿಗ್ಗೆ ಹಲ್ಲು ಉಜ್ಜುವಾಗ ಶುರುವಾಯ್ತು. ಈಗ ಎಡಗಾಲು ಜೋಮು ಹಿಡೀತಿದೆ.”

ಅತ್ತೆ ನಾದಿನಿಯನ್ನು ಪಕ್ಕಕ್ಕೆ ಸರಿಸಿ ಇಳಿದು ಬಂದರು. “ಈವರೆಗೆ ಯಾಕೆ ಹೇಳ್ಲಿಲ್ಲ?”

“ಪೂರ್ತಿ ಇಳಿದು ಹೇಳೋಣ ಅಂತಿದ್ದೆ. ಅಷ್ಟು ಜನ ನೋಡ್ತಿದಾರೆ.”

“ನೋಡ್ಲಿ.”

ಮಾವ ಆ ಒಂಬತ್ತು ಮೆಟ್ಟಿಲನ್ನು ಒಂದು ಸಲ ನೋಡಿದರು. ಇಳಿಯಬಹುದಿತ್ತು. ಅವರಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು, ಎರಡು ನಿಮಿಷದ ಮಾತು. ಕೆಳಗಿನ ಎಂಟು ಜನರಿಗೂ ಕೇಳುವಂತೆ ಅವರು ದೊಡ್ಡ ದನಿಯಲ್ಲಿ ಹೇಳಿದರು, “ನಂಗೆ ಬೆನ್ನು ನೋವಾಗ್ತಿದೆ. ಹಲಗೆ ತನ್ನಿ.”

ಚಾಲಕರು ಲಾರಿಯಿಂದ ಹಲಗೆ ಹೊತ್ತು ತಂದರು. ಮಲಗಿಸಿ, ಪಟ್ಟಿ ಬಿಗಿದು, ನಾದಿನಿ ಎಣಿಸಿದಳು. ಅಣ್ಣತಂಗಿ ಎತ್ತಿದರು. ಮಾವ ಈ ಸಲ ಯಾರಿಗೂ ಎಡ ಬಲ ಹೇಳಲಿಲ್ಲ, ಕಣ್ಣನ್ನೂ ಮುಚ್ಚಿಕೊಳ್ಳಲಿಲ್ಲ. ಚಾಲಕರು ಗೋಡೆಗೆ ಒರಗಿ ದಾರಿ ಬಿಟ್ಟರು, ಒಬ್ಬ ತಲೆಯ ಟೋಪಿ ತೆಗೆದ. ಮಾವ ಇಡೀ ಮುದ್ರಣಾಲಯವನ್ನು ಮೇಲೆತ್ತಿದ ದಿನವೂ ನನಗೆ ಅವರ ಮೇಲೆ ಇಷ್ಟು ಹೆಮ್ಮೆ ಬಂದಿರಲಿಲ್ಲ. ಹಲಗೆ ಹಿಡಿದಿದ್ದ ನನ್ನ ಗಂಡನ ಕೈ ಖಾಲಿಯಿರಲಿಲ್ಲ, ಹಾಗಾಗಿ ಅವನ ಕಣ್ಣನ್ನು ನಾನೇ ಸೆರಗಿಂದ ಒರೆಸಿದೆ.

ಮಧ್ಯಾಹ್ನದೊಳಗೆ ಸ್ಕ್ಯಾನ್ ಆಯಿತು. ಹಳೆಯ ಜಾಗ ಗಟ್ಟಿಯಾಗಿತ್ತು, ಸರಳು ತಿರುಪು ಕದಲಿರಲಿಲ್ಲ. ಅದಕ್ಕಿಂತ ಮೇಲಿನ ಮೂಳೆಯೊಂದರಲ್ಲಿ ಹೊಸ ಗಂಟು ಕಾಣಿಸಿಕೊಂಡಿತ್ತು, ನರದ ಹುರಿಯನ್ನು ಆಗತಾನೇ ಮುಟ್ಟತೊಡಗಿತ್ತು. ಡಾಕ್ಟರು ಅಂದೇ ಊತ ಇಳಿಸುವ ಇಂಜೆಕ್ಷನ್ ಕೊಟ್ಟು, ಮರುದಿನದಿಂದಲೇ ವಿಕಿರಣ ಶುರು ಮಾಡುವುದಾಗಿ ಹೇಳಿದರು. ಕತ್ತರಿ ಹಾಕುವ ಅಗತ್ಯವಿಲ್ಲ, ಮಾತ್ರೆ ಬದಲಿಸೋಣ ಎಂದರು. ಮುಂದೆ ಇನ್ನೆಲ್ಲಿ ಬರುತ್ತದೋ ಅವರಿಗೂ ಗೊತ್ತಿಲ್ಲ, ಆದರೆ ಇವತ್ತು ಇಷ್ಟು ಬೇಗ ಬಂದದ್ದರಿಂದ ಕಾಲು ಉಳಿಯುತ್ತದೆ. ಹೊರಡುವಾಗ ಆ ಪುಟ್ಟ ಹೆಂಗಸು ಮಾವನ ಸುಲಿದ ಅಂಗೈಯನ್ನು ಹಗುರವಾಗಿ ಮುಟ್ಟಿ, ಒಳ್ಳೇ ಕೆಲಸ ಮಾಡಿದ್ರಿ ಎಂದರು.

ಬಾಗಿಲು ಮುಚ್ಚಿದ್ದೇ ತಡ, ಅತ್ತೆ ಮಂಚದ ಪಕ್ಕಕ್ಕೆ ಸ್ಟೂಲು ಎಳೆದುಕೊಂಡು ಶುರು ಮಾಡಿದರು. ಕುರ್ಚಿಯಲ್ಲಿ ಮಲಗಿದ್ದು, ಸೆಕೆ ಎಂದು ಸುಳ್ಳು ಹೇಳಿದ್ದು, ತಪಾಸಣೆ ತಪ್ಪಿಸಿದ್ದು, ಮಗನ ಮೇಲೆ ಹಾರಾಡಿದ್ದು, ದಿನಾ ಸಂಜೆಯ ಏನಿಲ್ಲ, ಒಂದನ್ನೂ ಬಿಡಲಿಲ್ಲ. ಬೈದರು, ಅತ್ತರು, ನೀರು ಕುಡಿದು ಮತ್ತೆ ಬೈದರು. ಮಾವ ಚಾವಣಿ ನೋಡುತ್ತ ಹೂಂ ಹೂಂ ಎನ್ನುತ್ತಿದ್ದರು. ಅರ್ಧ ಗಂಟೆಯಾದ ಮೇಲೆ ನರ್ಸು ಬಂದು, ಅಮ್ಮಾ ಭೇಟಿಯ ಸಮಯ ಮುಗಿಯಿತು, ರೋಗಿಗೆ ವಿಶ್ರಾಂತಿ ಬೇಕು ಎಂದಳು.

“ಇರ್ಲಿ ಬಿಡಿ ನರ್ಸಮ್ಮ,” ಎಂದರು ಮಾವ. “ಏಳು ವಾರದ ಮಾತು ಬಾಕಿ ಇದೆ, ಅವಳು ಇನ್ನೂ ಮೂರನೇ ವಾರಕ್ಕೆ ಬಂದಿದಾಳೆ.”

ನರ್ಸು ಅತ್ತೆಯನ್ನು ನೋಡಿದಳು, ಮಾವನನ್ನು ನೋಡಿದಳು, ಪರದೆ ಎಳೆದು ಹೋದಳು.